ಲಾವಂಚದ ಸಾಲು

ಮುನಿಯಣ್ಣನ ಹೆಣ ಕೆರೆಯಂಚಿನ ಲಾವಂಚದ ಸಾಲಿನ ಮೇಲೆ ಬೋರಲಾಗಿ ಬಿದ್ದಿತ್ತು. ಬೆಳಿಗ್ಗೆ ಏಳು ಗಂಟೆ. ಮಹದೇವಪುರದ ಟೆಕ್ ಪಾರ್ಕಿನ ಬಸ್ಸುಗಳು ಆಗಲೇ ಹಾರನ್ ಹೊಡೆಯುತ್ತಿದ್ದವು. ಹೆಣದ ಪಕ್ಕ ರಕ್ತ ಹತ್ತಿದ ಕುಡುಗೋಲು. ಹಿಡಿಯ ಮೇಲೆ ಕೆಂಪು ಪೇಂಟಿನಲ್ಲಿ ಪಾರ್ಕಿನ ನಂಬರು.

"ಕೇಸ್ ಮುಗೀತ್ರಿ ಮೇಡಂ," ಎಂದ ಕಾನ್‌ಸ್ಟೆಬಲ್ ಬಸು. "ಇದು ಪಾರ್ಕಿನ ಮಾಲಿ ಈರೇಶಂದು. ಕೆರೆ ಹುಲ್ಲು ಕದ್ದಾನ ಅಂತ ಹೋದ ವಾರ ಮುದುಕ ಅವನ್ನ ಎಲ್ಲಾರ ಮುಂದ ಬೈದಿದ್ನಂತ."

ಸಬ್ ಇನ್‌ಸ್ಪೆಕ್ಟರ್ ಶೈಲಜಾ ಕುಕ್ಕರಗಾಲಲ್ಲಿ ಕೂತು ಗಾಯ ನೋಡಿದಳು. ಕುಡುಗೋಲು ಸೀಳುತ್ತದೆ. ಈ ತಲೆ ಜಜ್ಜಿಹೋಗಿತ್ತು. ನೆಲದ ಮೇಲೆ ರಕ್ತವೂ ಹೆಚ್ಚಿರಲಿಲ್ಲ.

"ಎಲ್ಲೋ ಹೊಡೆದು ಇಲ್ಲಿ ತಂದು ಹಾಕಿದ್ದಾರೆ ಬಸು."

ಮುದುಕನ ಬಲ ಮುಷ್ಟಿ ಬಿಗಿದಿತ್ತು. ಫೋಟೊ ತೆಗೆಸಿ, ಗ್ಲೌಸ್ ಹಾಕಿಕೊಂಡು ಬೆರಳು ಬಿಡಿಸಿದಳು. ಒಳಗೆ ದಾರದಂಥ ಕಂದು ಬೇರುಗಳು. ಗಮ್ಮೆಂದಿತು. ಬೇಸಿಗೆಯಲ್ಲಿ ಮಡಕೆಯ ನೀರಿಗೆ ಹಾಕುವ ಲಾವಂಚದ ವಾಸನೆ.

ಠಾಣೆಗೆ ಫೋನ್ ಮಾಡಿದವನು ರಾಜೇಂದ್ರ. ಕೆರೆ ಕಮಿಟಿಯ ಕಾರ್ಯದರ್ಶಿ. ಸಾಲಿನ ಪಕ್ಕದ ಜಮೀನು ಅವನದೇ. ಸುತ್ತ ತಗಡಿನ ಬೇಲಿ ಹಾಕಿಸಿದ್ದ.

"ಪಾಪ ಮೇಡಂ. ನೀರುಗಂಟಿ ಮನೆತನ. ತೂಬು ತೆಗೆಯೋದು, ಏರಿ ಕಾಯೋದು ಇವರಪ್ಪನ ಕಾಲದಿಂದ ಇವರದೇ ಕೆಲಸ. ಇವತ್ತು ಮೂರು ಗಂಟೆಗೆ ಸರ್ವೆ ಇತ್ತು. ಇವನೇ ಗಡಿ ತೋರಿಸಬೇಕಿತ್ತು."

"ಈಗ ಯಾರು ತೋರಿಸ್ತಾರೆ?"

"ತೋರಿಸೋದೇನಿದೆ? ಗಡಿಕಲ್ಲು ಹೋಗಿ ಎಷ್ಟೋ ವರ್ಷ ಆಯ್ತು. ಈ ಹುಲ್ಲಿನ ಸಾಲೇ ಗಡಿ. ನಾನು ಹುಟ್ಟಿದಾಗಿಂದ ಇಲ್ಲೇ ಇದೆ."

*

ಈರೇಶ್ ಠಾಣೆಯ ಬೆಂಚಿನ ತುದಿಯಲ್ಲಿ ಕೂತಿದ್ದ. ಸಂಜೆಯೊಳಗೆ ಅವನನ್ನು ಕೋರ್ಟಿಗೆ ಹಾಜರುಪಡಿಸಲು ಇನ್‌ಸ್ಪೆಕ್ಟರ್ ಹೇಳಿಯಾಗಿತ್ತು.

"ಕುಡುಗೋಲು ನಿಂದೇ ತಾನೆ?"

"ನಂದೇ ಮೇಡಂ. ಕಳೆದ್ಹೋಗಿತ್ತು."

"ಎಲ್ಲಿ?"

ಅವನು ನೆಲ ನೋಡಿದ.

"ಕೊಲೆ ಕೇಸ್ ಕಣೋ ಇದು. ಬಾಯಿ ಬಿಡು."

"ನಾನು ಕೆರೆ ಹುಲ್ಲು ಮುಟ್ಟಿಲ್ಲ ಮೇಡಂ. ಪಾರ್ಕಲ್ಲೇ ಬೇಕಾದಷ್ಟು ಲಾವಂಚ ಐತಿ. ಕದಿಯೋ ಕರ್ಮ ನನಗ್ಯಾಕೆ?"

*

ಮುನಿಯಣ್ಣನ ಹೆಂಡತಿ ರಾಮಕ್ಕ ಅಳುತ್ತಿರಲಿಲ್ಲ. ಮಂಡಿನೋವಿನಿಂದ ವರ್ಷದಿಂದ ಕೆರೆಯ ಕಡೆ ಹೋದವಳಲ್ಲ. ಶೈಲಜಾ ಬೇರಿನ ಪೊಟ್ಟಣ ತೆರೆದು ಹಿಡಿದಳು. ಮುದುಕಿ ಒಮ್ಮೆ ಮೂಸಿದಳು.

"ನಮ್ಮಾವ ನೆಟ್ಟಿದ್ದು ಇದು."

"ಹೇಗೆ ಹೇಳ್ತೀರ?"

"ಎಳೇ ಬೇರು ಇಂಗೆ ಗಮ್ ಅನ್ನಕಿಲ್ಲ ಕಣವ್ವ. ಎರಡು ವರ್ಸನಾದ್ರೂ ಆಗ್ಬೇಕು. ಲಾವಂಚ ಗರಿಕೆ ಅಂಗೆ ಅರಿದಾಡಲ್ಲ, ನೆಟ್ಟ ಜಾಗ ಬಿಟ್ಟು ಕದಲಲ್ಲ. ಅದ್ಕೇ ಗಡಿಗೆ ನೆಟ್ರು. ಮೊನ್ನೆ ಕೆರೆಯಿಂದ ಬಂದು, ಉಲ್ಲು ಜಾಗ ಬಿಟ್ಟು ಓಗೈತೆ ಅಂದ. ಉಲ್ಲಿಗೇನು ಕಾಲೈತಾ ಅಂತ ನಾನು ನಕ್ಕೆ."

"ಇವತ್ತು ಎಲ್ಲಿಗೆ ಹೊರಟಿದ್ರು ಅವರು?"

"ಸರ್ವೆಯೋನ್ಗೆ ಅಳೇ ಬೇರು ಅಗೆದು ತೋರುಸ್ತೀನಿ ಅಂತ ಬೆಳಕರಿತಲೇ ಆರೆ ಎತ್ಕಂಡು ಓದ."

ಹೆಣದ ಬಳಿ ಹಾರೆ ಸಿಕ್ಕಿರಲಿಲ್ಲ.

*

ಶೈಲಜಾ ಧಾರವಾಡದಲ್ಲಿ ಕೃಷಿ ಓದಿ ಪೊಲೀಸ್ ಸೇರಿದವಳು. ಸಾಲಿಗೆ ಮರಳಿ ಬಂದು ಒಂದೊಂದೇ ಬುಡ ಬಿಡಿಸಿ ನೋಡಿದಳು. ಬುಡಗಳು ಮುಷ್ಟಿ ಗಾತ್ರ. ಹಳೆಯ ಗರಿಗಳನ್ನೆಲ್ಲ ಒಂದೇ ಗೇಣಿಗೆ ಕತ್ತರಿಸಲಾಗಿತ್ತು. ಅವುಗಳ ನಡುವಿಂದ ಹೊಸ ಸುಳಿ. ಒಂದನ್ನು ಒಂದೇ ಕೈಯಲ್ಲಿ ಎಳೆದಳು. ಸಲೀಸಾಗಿ ಕಿತ್ತು ಬಂತು. ಬೇರು ಬೆರಳುದ್ದ, ಬಿಳಿ. ಮೂಸಿದರೆ ಬರೀ ಮಣ್ಣು.

ಈರೇಶನನ್ನು ಜೀಪಿನಲ್ಲಿ ಕರೆಸಿ, ಕಿತ್ತ ಬುಡವನ್ನು ಅವನ ಕೈಗಿಟ್ಟಳು.

"ಈ ಗರಿ ಕತ್ತರಿಸಿದ್ದು ಯಾರು?"

ಅವನ ಮುಖ ಇಳಿಯಿತು. "ನಾನೇ ಮೇಡಂ. ನೆಡೋ ಮುಂಚೆ ಗರಿ ಗೇಣಿಗೆ ಕತ್ತರಿಸ್ತೀವಿ. ಕಮಿಟಿ ಕಾರ್ಯಕ್ರಮಕ್ಕೆ ಅಂತ ರಾಜೇಂದ್ರ ಸಾರ್ ಇನ್ನೂರು ಬುಡ ಕೇಳಿದ್ರು. ಇಪ್ಪತ್ತು ದಿನ ಆಯ್ತು. ಪಾರ್ಕಿನ ಗಿಡ ಹೊರಗೆ ಕೊಟ್ಟೆ ಅಂತ ಗೊತ್ತಾದ್ರೆ ಕೆಲಸ ಹೋಗುತ್ತೆ. ಅದ್ಕೇ ಬಾಯಿ ಬಿಡ್ಲಿಲ್ಲ."

"ಕುಡುಗೋಲು?"

"ಅವರ ಟೆಂಪೋದಲ್ಲೇ ಮರೆತೆ."

*

ಮೂರು ಗಂಟೆಗೆ ಸರ್ವೇಯರ್ ಹನುಮಂತರಾಯಪ್ಪ ಬಂದ. ರಾಮಕ್ಕನೂ ಕೋಲೂರಿಕೊಂಡು ಬಂದಳು. ರಾಜೇಂದ್ರ ಹುಲ್ಲಿನ ಸಾಲು ತೋರಿಸಲು ಕೈ ಎತ್ತಿದ.

"ಮೊದಲು ತಗಡಿನ ಗೇಟ್ ತೆಗೀರಿ," ಎಂದಳು ಶೈಲಜಾ.

"ಒಳಗೇನೂ ಇಲ್ಲ ಮೇಡಂ. ಖಾಲಿ ಜಾಗ."

"ಖಾಲಿ ಜಾಗ ನೋಡೋಕೇ ವಾರಂಟ್ ತಂದಿದ್ದೀನಿ."

ಒಳಗೆ ಹೊಸದಾಗಿ ಸುರಿದ ಕೆಮ್ಮಣ್ಣು. ಹೋದ ವಾರ ಮಳೆಯಾಗಿತ್ತು. ಕೆಮ್ಮಣ್ಣಿನ ನಡುವೆ, ಹಗ್ಗ ಹಿಡಿದು ಗೆರೆ ಎಳೆದಂತೆ, ಹಸಿರು ಸುಳಿಗಳು ಎದ್ದಿದ್ದವು. ಹೊರಗಿನ ಸಾಲಿಗಿಂತ ನಲವತ್ತು ಅಡಿ ಈಚೆಗೆ.

"ಹಳೇ ಲಾವಂಚ ಇದು," ಎಂದಳು ಶೈಲಜಾ. "ಬೇರು ಎರಡಾಳು ಆಳಕ್ಕೆ ಇಳಿದಿರುತ್ತೆ. ಜೆಸಿಬಿ ಮೇಲಿಂದ ಹೆರೆದು ಮಣ್ಣು ಮುಚ್ಚಿದರೂ ಬುಡ ಸಾಯಲ್ಲ, ಒಂದು ಮಳೆಗೆ ಚಿಗುರುತ್ತೆ. ನೀವು ಇಲ್ಲಿನ ಸಾಲು ಮುಚ್ಚಿ, ಕೆರೆಯೊಳಗೆ ಹೊಸ ಸಾಲು ನೆಟ್ಟಿರಿ. ಗಡಿ ನಲವತ್ತು ಅಡಿ ನಡೆದುಬಿಡ್ತು."

"ಹುಲ್ಲು ನೆಟ್ಟರೆ ಕೊಲೆ ಮಾಡಿದ ಹಾಗಾ?"

"ಮುನಿಯಣ್ಣನ ಕೈಯಲ್ಲಿದ್ದದ್ದು ವಾಸನೆಯ ಬೇರು. ಹೊರಗಿನ ಸಾಲಲ್ಲಿ ವಾಸನೆಯೇ ಇಲ್ಲ. ಅಂದರೆ ಅವನು ಸತ್ತಿದ್ದು ಅಲ್ಲಿ ಅಲ್ಲ, ಇಲ್ಲಿ. ಕುಡುಗೋಲು ನಿಮ್ಮ ಟೆಂಪೋದಲ್ಲಿತ್ತು. ಈರೇಶನಿಗೂ ಮುದುಕನಿಗೂ ಜಗಳ ಆಗಿದ್ದು ನಿಮಗೆ ಅನುಕೂಲವಾಯ್ತು."

"ಈ ಗೇಟ್ ತೆಗೆದೇ ತಿಂಗಳಾಯ್ತು ಮೇಡಂ. ಅವನೇ ತಗಡು ಎಬ್ಬಿಸಿ, ಹಾರೆ ಹಿಡ್ಕೊಂಡು ನುಗ್ಗಿದ್ದು—"

ರಾಜೇಂದ್ರ ಅಲ್ಲಿಗೇ ನಿಲ್ಲಿಸಿದ.

"ಹಾರೆ ವಿಷಯ ನಿಮಗೆ ನಾನು ಹೇಳಿಲ್ಲ," ಎಂದಳು ಶೈಲಜಾ.

ಬಸು ಮೂಲೆಯ ಮಣ್ಣಿನ ಗುಡ್ಡೆ ಕೆದಕಿದ. ಹಾರೆ ಅಲ್ಲೇ ಹೂತಿತ್ತು. ತುದಿಯಲ್ಲಿ ಕೂದಲು. ಹತ್ತಡಿ ಆಚೆ, ಅರ್ಧ ಅಗೆದ ಬುಡವೊಂದರ ಸುತ್ತ ಮಣ್ಣು ಕಪ್ಪಾಗಿತ್ತು. ಟೆಂಪೋದ ಹಲಗೆಯ ಸಂದಿನಲ್ಲೂ ರಕ್ತ ಸಿಕ್ಕಿತು. ಬಸು ರಾಜೇಂದ್ರನನ್ನು ಜೀಪಿಗೆ ಹತ್ತಿಸಿದ.

ಸರ್ವೇಯರ್ ಸರಪಳಿಯನ್ನು ಹಸಿರು ಸುಳಿಗಳ ಮೇಲೆ ಎಳೆದ. ಒಂದು ಕಡೆ ಮಾತ್ರ ಬುಡವೇ ಇರಲಿಲ್ಲ, ಜೆಸಿಬಿಯ ಹಲ್ಲಿಗೆ ಸಿಕ್ಕಿ ಕಿತ್ತುಹೋಗಿತ್ತು. ರಾಮಕ್ಕ ಆ ಖಾಲಿ ಜಾಗವನ್ನು ಕೋಲಿನಿಂದ ತಟ್ಟಿ, ಈರೇಶನ ಕಡೆ ತಿರುಗಿದಳು.

"ಯಜಮಾನ ನಿನ್ನ ಕಳ್ಳ ಅಂದಿದ್ನಲ್ಲ?"

"ಹೂಂ ಅಜ್ಜಿ."

"ತಪ್ಪು ತಿಳ್ಕಂಡಿದ್ದ. ಆಚೆಯಿಂದ ಒಂದು ಬುಡ ಕಿತ್ಕಂಡ್ ಬಾ. ಇಲ್ಲಿಗಾಕು."

ಈರೇಶ್ ಶೈಲಜಾಳ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅವನು ಬುಡ ತಂದು, ಕೈಯಲ್ಲೇ ಗುಂಡಿ ತೋಡಿ ನೆಟ್ಟು, ಕಾಲಿನಿಂದ ಮಣ್ಣು ಅದುಮಿದ.

"ನಾಳಿಂದ ನೀರಾಕೋರು ಯಾರು?" ಎಂದಳು ರಾಮಕ್ಕ.

"ಆರು ಗಂಟೆಗೆ ಡ್ಯೂಟಿ ಅಜ್ಜಿ," ಎಂದ ಈರೇಶ್. "ಐದೂವರೆಗೆ ಬರ್ತೀನಿ."