ಮುಳ್ಳು ಸೊನ್ನೆಗೆ ಬರುವ ತನಕ

ಆ ಹಾಡಿಗೆ ಆ ಮನುಷ್ಯ ಹತ್ತರಲ್ಲಿ ಎರಡು ಕೊಟ್ಟಿದ್ದ. ಎರಡು! ಹಾಡುವವನು ಗಂಟಲು ಹರಿದುಕೊಂಡು ಅಬ್ಬರಿಸಿದ್ದ, ಡ್ರಮ್ಮಿನವನು ಯಾರ ಮೇಲೋ ಹಗೆ ತೀರಿಸಿಕೊಳ್ಳುವವನಂತೆ ಬಾರಿಸಿದ್ದ, ಗಿಟಾರುಗಳು ಕಿಟಕಿಯ ಗಾಜನ್ನೇ ನಡುಗಿಸಿದ್ದವು. ಅಷ್ಟಕ್ಕೂ ಸೇರಿ ಎರಡು. ನನಗೆ ಮೈಯೆಲ್ಲ ಉರಿದುಹೋಯಿತು. ಸಿಟ್ಟು ಬಂದಾಗ ನಾನು ಎಲ್ಲರನ್ನೂ ಏಕವಚನದಲ್ಲೇ ನೆನೆಯುವುದು.

ನಾನು ಕಾಲೇಜಿನ ಮೂರನೇ ಮಹಡಿಯಲ್ಲಿರುವ ಸೌಂಡ್ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತೇನೆ. ಮೆಟಲ್ ಹಾಡುಗಳಲ್ಲಿ ಒಂದು ಹೆವಿ ಅನ್ನಿಸುವುದು, ಇನ್ನೊಂದು ಅನ್ನಿಸದೇ ಇರುವುದು ಯಾಕೆ? ಇದು ನನ್ನ ವಿಷಯ. ನಲವತ್ತು ಜನ ಕೇಳಬೇಕು, ಹತ್ತು ಹಾಡಿಗೆ ಹತ್ತರೊಳಗೆ ಅಂಕ ಕೊಡಬೇಕು. ಮೂವತ್ತೊಂಬತ್ತು ಜನ ಸಿಕ್ಕಿದ್ದರು, ಎಲ್ಲರೂ ಕಪ್ಪು ಟೀ ಶರ್ಟಿನ ಮೆಟಲ್ ಅಭಿಮಾನಿಗಳೇ. ನಲವತ್ತನೆಯವರಿಗಾಗಿ ಮೆಟ್ಟಿಲ ಬಳಿ ಹೊಂಚು ಹಾಕಿ ನಿಂತಿದ್ದಾಗ ಇವರು ಸಿಕ್ಕಿಬಿದ್ದರು.

ಕೆಳಗಿನ ಕೆಮಿಸ್ಟ್ರಿ ಲ್ಯಾಬಿನ ತಕ್ಕಡಿಗಳನ್ನು ಪರೀಕ್ಷಿಸಿ ಸರಿಮಾಡಲು ಬಂದಿದ್ದವರು. ಕೈಯಲ್ಲೊಂದು ಮರದ ಪೆಟ್ಟಿಗೆ. ಅದರೊಳಗೆ ಮಕಮಲ್ಲಿನ ಗುಳಿಗಳಲ್ಲಿ ಸಾಲಾಗಿ ಹಿತ್ತಾಳೆಯ ತೂಕಗಳು, ದೊಡ್ಡದರಿಂದ ಚಿಕ್ಕದಕ್ಕೆ. ಕಿವಿಯ ಮೇಲೆ ಒಂದು ಮೋಟು ಪೆನ್ಸಿಲು. ನಾನು ಮನಸ್ಸಿನಲ್ಲೇ ತಕ್ಕಡಿಯವರು ಎಂದು ಹೆಸರಿಟ್ಟೆ.

"ಅರ್ಧ ಗಂಟೆ ಹಾಡು ಕೇಳ್ತೀರಾ?" ಅಂದೆ.

"ಯಾಕೆ, ಯಾರೂ ಕೇಳ್ತಿಲ್ವಾ?" ಅಂದರು.

ಗಾಜಿನ ಗೋಡೆಯ ಆಚೆ ಕೂರಿಸಿ ಹೆಡ್‌ಫೋನ್ ಹಾಕಿದೆ. ಮೊದಲ ಹಾಡು ಮುಗಿಯಿತು. ಅಂಕ ಬರೆದರು. ಎರಡನೆಯದಕ್ಕೆ ಗುಂಡಿ ಒತ್ತಬೇಕು, ಅಷ್ಟರಲ್ಲಿ ಕೈ ಎತ್ತಿದರು.

"ಒಂದು ನಿಮಿಷ ಮೇಡಂ. ಸೊನ್ನೆಗೆ ಬರಲಿ."

"ಏನು ಬರಬೇಕು?"

"ಮುಳ್ಳು. ಒಂದನ್ನ ತೂಗಿದ ಮೇಲೆ ತಟ್ಟೆ ಖಾಲಿ ಮಾಡ್ಬೇಕು. ಮುಳ್ಳು ಸೊನ್ನೆ ಮೇಲೆ ಬಂದು ನಿಲ್ಲೋ ತನಕ ಇನ್ನೊಂದನ್ನ ಇಡಬಾರದು." ಹಾಗಂದು ಕಣ್ಣು ಮುಚ್ಚಿಕೊಂಡರು.

ಹತ್ತು ಹಾಡಿನ ನಡುವೆ ಒಂಬತ್ತು ನಿಮಿಷ. ಆ ಒಂಬತ್ತು ನಿಮಿಷವೂ ನನಗೆ ಬೇರೆ ಕೆಲಸವಿರಲಿಲ್ಲ. ಎಡಗಡೆಯ ಹುಬ್ಬಿನಲ್ಲಿ ಒಂದು ಸಣ್ಣ ಗಾಯದ ಗುರುತು, ಎರಡು ದಿನದ ಗಡ್ಡ, ಅಂಗಿಯ ಎರಡನೇ ಗುಂಡಿಗೆ ಬೇರೆ ಬಣ್ಣದ ದಾರ. ಇದನ್ನೆಲ್ಲ ಫಾರ್ಮಿನಲ್ಲಿ ಬರೆಯಲು ಜಾಗವಿರಲಿಲ್ಲ.

ಸಂಜೆ ಅಂಕಗಳನ್ನು ಕಂಪ್ಯೂಟರಿಗೆ ಹಾಕುವಾಗಲೇ ಆ ‘ಎರಡು’ ಎಂಬ ಅಂಕ ನನ್ನ ಕಣ್ಣಿಗೆ ಬಿದ್ದದ್ದು. ಅಬ್ಬರದ ಹಾಡುಗಳಿಗೆಲ್ಲ ಎರಡು, ಮೂರು. ಒಂದೇ ಒಂದು ನಿಧಾನದ ಹಾಡಿತ್ತು, ಗಿಟಾರು ಕಾಲೆಳೆದುಕೊಂಡು ನಡೆದಂತೆ ಬರುವಂಥದ್ದು, ಅದಕ್ಕೆ ಹತ್ತು. ಮರುದಿನವೇ ಮೇಲಕ್ಕೆ ಕರೆಸಿದೆ.

"ತಮಾಷೆ ಮಾಡಿದ್ರಾ? ಇದು ನಿಮಗೆ ಹೆವಿ ಅನ್ನಿಸ್ಲಿಲ್ವಾ?"

"ನೀವು ಹೆವಿ ಅಂತ ಎಲ್ಲಿ ಕೇಳಿದ್ರಿ?" ಅವರು ಫಾರ್ಮನ್ನು ನನ್ನ ಕಡೆ ತಿರುಗಿಸಿದರು. "ನೋಡಿ, ನಿಮ್ಮದೇ ಅಕ್ಷರ."

ಕನ್ನಡದ ಫಾರ್ಮನ್ನು ಬರೆದವಳು ನಾನೇ. ದೊಡ್ಡ ಅಕ್ಷರದಲ್ಲಿ ಬರೆದಿದ್ದೆ: ‘ಈ ಹಾಡು ನಿಮಗೆ ಎಷ್ಟು ಭಾರ?’

"ಸದ್ದು ಮಾಡೋದೆಲ್ಲ ಭಾರ ಆಗಲ್ಲ ಮೇಡಂ. ತಕ್ಕಡಿ ಮುಂದೆ ನಿಂತು ಎಷ್ಟು ಕೂಗಿದ್ರೂ ಮುಳ್ಳು ಅಲ್ಲಾಡಲ್ಲ. ಆ ನಿಧಾನದ ಹಾಡು ಮುಗಿದ ಮೇಲೆ ಕುರ್ಚಿಯಿಂದ ಏಳೋಕೇ ಆಗ್ಲಿಲ್ಲ. ಅದಕ್ಕೇ ಹತ್ತು."

ಉಳಿದ ಮೂವತ್ತೊಂಬತ್ತು ಜನ ಭಾರ ಎಂದರೆ ಹೆವಿ ಎಂದು ತಾವೇ ಅರ್ಥಮಾಡಿಕೊಂಡು ನನ್ನ ಮಾನ ಉಳಿಸಿದ್ದರು. ನನ್ನ ಕನ್ನಡವನ್ನು ಕನ್ನಡವಾಗಿ ಓದಿದವರು ಇವರೊಬ್ಬರೇ. ಮುಖ ಬಿಸಿಯಾಯಿತು. ಆಗಲೇ ಬಹುವಚನಕ್ಕೆ ಮರಳಿದೆ.

ಹೊಸ ಫಾರ್ಮು ಬರೆದೆ. ‘ಸದ್ದು ಎಷ್ಟು ದಪ್ಪ, ಎಷ್ಟು ಅಬ್ಬರ?’ ಮತ್ತೆ ಹತ್ತು ಹಾಡು, ಮತ್ತೆ ಒಂಬತ್ತು ನಿಮಿಷ.

ಇಲ್ಲೊಂದು ಗುಟ್ಟು ಹೇಳಬೇಕು. ಈ ಹತ್ತರಲ್ಲಿ ಮೂರನೆಯದೂ ಒಂಬತ್ತನೆಯದೂ ಒಂದೇ ಹಾಡು. ಕೇಳುವವರ ಕಿವಿ ಸ್ಥಿರವಾಗಿದೆಯೇ ಎಂದು ನೋಡುವ ಉಪಾಯ. ಎರಡು ಸಲದ ಅಂಕಗಳ ನಡುವೆ ಮೂರಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಅವರನ್ನು ಪಟ್ಟಿಯಿಂದ ತೆಗೆಯಬೇಕು.

ಮೂರನೇ ಹಾಡು ಮುಗಿದು, ಅಂಕ ಬರೆದು, ಅವರು ಕಣ್ಣು ಮುಚ್ಚಿದರು. ಆ ಹಾಡಿನ ತಾಳ ನನ್ನ ತಲೆಯೊಳಗೆ ಇನ್ನೂ ಓಡುತ್ತಿತ್ತು. ಹೇಗೂ ನೋಡುತ್ತಿಲ್ಲವಲ್ಲ ಎಂದು ಎರಡು ಪೆನ್ಸಿಲು ತೆಗೆದುಕೊಂಡು ಮೇಜಿನ ಮೇಲೆ ಬಾರಿಸತೊಡಗಿದೆ. ತಲೆಯೂ ಕುಣಿಯಿತು, ಜಡೆಯೂ ಕುಣಿಯಿತು. ಆವೇಶ ಮೈಮೇಲೆ ಬಂದು ಒಂದು ಪೆನ್ಸಿಲು ಕೈಯಿಂದ ಹಾರಿ ಗಾಜಿಗೆ ಟಕ್ ಎಂದು ಬಡಿಯಿತು. ನೋಡಿದರೆ ಅವರ ಎರಡೂ ಕಣ್ಣು ತೆರೆದಿದ್ದವು. ಪೆನ್ಸಿಲು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಹೋದವಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇದ್ದೆ.

ಅವರು ಹೋದ ಮೇಲೆ ಹಾಳೆ ನೋಡಿದೆ. ಉಳಿದ ಎಲ್ಲ ಅಂಕವೂ ಸರಿಯಾಗಿತ್ತು. ಮೂರನೇ ಹಾಡಿಗೆ ನಾಲ್ಕು. ಅದೇ ಹಾಡು ಒಂಬತ್ತನೆಯದಾಗಿ ಬಂದಾಗ ಒಂಬತ್ತು.

ನನ್ನ ಸಂಶೋಧನೆಯ ಗೈಡ್ ಮೇಡಂಗೆ ತೋರಿಸಿದರೆ ಅವರು ತಲೆಯನ್ನೇ ಎತ್ತಲಿಲ್ಲ. "ತೆಗೆದುಬಿಡು. ಶುಕ್ರವಾರದೊಳಗೆ ಇನ್ನೊಬ್ಬರನ್ನ ಹುಡುಕು."

ತೆಗೆಯುವುದೆಂದರೆ ಒಂದು ಗೆರೆ ಎಳೆಯುವುದು, ಅಷ್ಟೇ. ಆದರೆ ನನ್ನ ಕೈ ಏಳಲಿಲ್ಲ. ಪಟ್ಟಿಯಲ್ಲಿ ಇದ್ದವರು ಆರು ತಿಂಗಳ ನಂತರ ಎರಡನೇ ಸುತ್ತಿಗೆ ಬರಲೇಬೇಕು. ಪಟ್ಟಿಯಲ್ಲಿ ಇಲ್ಲದವರಿಗೆ ಮೂರನೇ ಮಹಡಿ ಹತ್ತಲು ಕಾರಣವೇ ಇಲ್ಲ. ಕೆಳಗಿನ ತಕ್ಕಡಿ ಕೆಲಸವೂ ಶುಕ್ರವಾರ ಮುಗಿಯುತ್ತಿತ್ತು. ಆ ಒಂಬತ್ತನ್ನು ಅಳಿಸಿ ಐದು ಮಾಡಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ರಬ್ಬರು ಕೈಗೆತ್ತಿಕೊಂಡದ್ದೂ ನಿಜ.

ಊಟಕ್ಕೆ ಕೂತಾಗ ಅಕ್ಕ ತಟ್ಟೆಯಿಂದ ತಲೆಯೆತ್ತಿ ಕೇಳಿದಳು, "ಯಾರೇ ಅದು ನಲವತ್ತನೆಯವರು? ಕೂತಾಗಿಂದ ನಿನ್ನ ಮಾತಲ್ಲಿ ಐದು ಸಲ ಬಂದು ಹೋದ್ರು."

"ಅಂಕದ ವಿಷಯ ಹೇಳ್ತಿದ್ದೆ."

"ಅಂಕದ ವಿಷಯದಲ್ಲಿ ಗುಂಡಿ ದಾರ ಯಾಕೆ ಬಂತು?"

ನಾನು ನೀರು ಕುಡಿದೆ.

"ಒಂಬತ್ತನ್ನ ಐದು ಮಾಡಿ ಅವರನ್ನ ಪಟ್ಟೀಲಿ ಇಟ್ಕೊಂಡ್ರೆ ಏನು ಸಿಗತ್ತೆ?" ಅಂದಳು.

"ಆರು ತಿಂಗಳು ಆದ್ಮೇಲೆ ಮತ್ತೆ ಬರ್ತಾರೆ. ಆದ್ರೆ ಅಲ್ಲಿ ತನಕ ಮಾತಾಡೋ ಹಾಗಿಲ್ಲ. ಕೇಳುಗರ ಜೊತೆ ಒಂದು ಕಾಫಿನೂ ಕುಡಿಯಬಾರದು ಅಂತ ನಿಯಮ ಇದೆ."

"ಅಂದ್ರೆ ಸುಳ್ಳು ಲೆಕ್ಕ ಬರೆದು, ಆರು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡು ಕೂರ್ತೀಯ." ಅಕ್ಕ ಕೈ ತೊಳೆಯಲು ಎದ್ದಳು. "ಆ ಒಂಬತ್ತು ಎಲ್ಲಿಂದ ಬಂತು ಅಂತ ಅವರನ್ನೇ ಕೇಳೋದು ಬಿಟ್ಟು ನನ್ನ ತಲೆ ತಿಂತಿದ್ದೀಯಲ್ಲ, ನಿನಗೇನು ಹೇಳೋದು."

ಶುಕ್ರವಾರ ಬೆಳಗ್ಗೆ ನಲವತ್ತನೆಯ ಹೆಸರಿನ ಮೇಲೆ ಗೆರೆ ಎಳೆದೆ. ಲೈಬ್ರರಿಯ ಗುಮಾಸ್ತರನ್ನು ಕಾಡಿ ಬೇಡಿ ಕೂರಿಸಿದೆ. ಅವರು ಹತ್ತು ಹಾಡಿಗೂ ಹತ್ತು ಹತ್ತು ಕೊಟ್ಟು, ತಲೆ ಹಿಡಿದುಕೊಂಡು ಹೊರನಡೆದರು. ಸ್ಥಿರತೆಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ? ಗೈಡ್ ಮೇಡಂ ಸಹಿ ಹಾಕಿದರು.

ಮಧ್ಯಾಹ್ನ ಕೆಳಗಿಳಿದೆ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಅವರೊಬ್ಬರೇ ಇದ್ದರು. ಕಿಟಕಿಯ ಬಿಸಿಲು ಹಿತ್ತಾಳೆಯ ಮೇಲೆ ಬಿದ್ದಿತ್ತು. ಚಿಮಟದಿಂದ ಒಂದು ಪುಟ್ಟ ತೂಕವನ್ನು ಎತ್ತಿ ತಟ್ಟೆಯ ಮೇಲೆ ಇಡುತ್ತಿದ್ದರು. ಅದು ಅಲ್ಲಾಡಿ ನಿಲ್ಲುವ ತನಕ ನಾನೂ ಉಸಿರು ಬಿಗಿಹಿಡಿದು ನಿಂತೆ.

"ನಿಮ್ಮನ್ನ ಪಟ್ಟಿಯಿಂದ ತೆಗೆದಿದ್ದೀನಿ," ಅಂದೆ. ಮೆಟ್ಟಿಲಲ್ಲಿ ಅಭ್ಯಾಸ ಮಾಡಿಕೊಂಡು ಬಂದ ಮಾತುಗಳಲ್ಲಿ ಇದು ಮೊದಲನೆಯದಾಗಿರಲಿಲ್ಲ.

ಅವರ ಮುಖ ಸಣ್ಣದಾಯಿತು. "ಎರಡನೇ ಸಲವೂ ತಪ್ಪಾಯ್ತಾ?"

"ಮೂರನೇ ಹಾಡು, ಒಂಬತ್ತನೇ ಹಾಡು, ಎರಡೂ ಒಂದೇ. ನೀವು ಒಂದಕ್ಕೆ ನಾಲ್ಕು ಕೊಟ್ರಿ, ಇನ್ನೊಂದಕ್ಕೆ ಒಂಬತ್ತು."

"ಒಂದೇ ಅಂತ ಗೊತ್ತಿತ್ತು."

"ಗೊತ್ತಿದ್ದೂ?"

ಅವರು ಚಿಮಟವನ್ನು ಕೆಳಗಿಟ್ಟರು. "ಮೊದಲನೇ ಸಲ ತಟ್ಟೇಲಿ ಬರೀ ಹಾಡಿತ್ತು. ಎರಡನೇ ಸಲ ಅದೇ ಹಾಡಿನ ಜೊತೆ ನೀವೂ ಬಂದ್ರಿ. ಆ ಪೆನ್ಸಿಲು, ಆ ಜಡೆ, ಮೇಜಿನ ಕೆಳಗೆ ಅವಿತುಕೊಂಡಿದ್ದು, ಎಲ್ಲ ಬಂತು. ನಾಲ್ಕು ಅಂತ ಬರೆಯೋಣ ಅಂದ್ಕೊಂಡೆ, ನಿಮ್ಮ ಕೆಲಸ ಕೆಡಬಾರದಲ್ಲ ಅಂತ. ಆದ್ರೆ ಇರೋ ತೂಕಕ್ಕಿಂತ ಕಮ್ಮಿ ಬರೆಯೋಕೆ ನನ್ನ ಕೈ ಬರಲ್ಲ ಮೇಡಂ."

ರಬ್ಬರು ಹಿಡಿದ ನನ್ನ ಕೈ ನೆನಪಾಗಿ ನಾಚಿಕೆಯಾಯಿತು. ಸಂತೋಷವೂ ಆಯಿತು, ನಾಚಿಕೆಗಿಂತ ಬಹಳ ಹೆಚ್ಚು.

"ಒಂದು ನಿಮಿಷ ಕಣ್ಣು ಮುಚ್ಚಿಕೊಂಡಿದ್ರೆ ಸೊನ್ನೆಗೆ ಬರ್ತಿತ್ತಲ್ಲ?" ಅಂದೆ.

"ಮುಚ್ಚಿ ನೋಡ್ದೆ. ಮುಚ್ಚಿದ್ರೆ ಇನ್ನೂ ಚೆನ್ನಾಗಿ ಕಾಣ್ತೀರಿ. ಮೂರು ದಿನ ಆಯ್ತು, ಮುಳ್ಳು ಸೊನ್ನೆಗೆ ಬಂದಿಲ್ಲ." ಅಂದವರು ತಲೆ ತಗ್ಗಿಸಿದರು. "ಹೋಗ್ಲಿ ಬಿಡಿ. ಪಟ್ಟಿಯಿಂದ ತೆಗೆದ್ರಿ, ಅದು ಸರಿನೇ."

"ಯಾಕೆ ತೆಗೆದೆ ಅಂತ ಪೂರ್ತಿ ಕೇಳಿ. ಕೇಳುಗರ ಜೊತೆ ನಾನು ಕಾಫಿ ಕುಡಿಯೋ ಹಾಗಿಲ್ಲ. ನಿಯಮ ಇದೆ."

"ಹೌದಾ?"

"ಈಗ ನೀವು ಕೇಳುಗರಲ್ಲ."

ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ನಗು ಮೊದಲು ಕಣ್ಣಿಗೆ, ನಂತರ ಹುಬ್ಬಿನ ಗಾಯದ ಗುರುತಿಗೆ, ಕೊನೆಗೆ ತುಟಿಗೆ ಬಂತು. ನಾನು ಒಂದೊಂದನ್ನೂ ನೋಡಿದೆ. ಈ ಸಲ ಗಾಜಿನ ಗೋಡೆ ಇರಲಿಲ್ಲ.

"ನಿಮ್ಮನ್ನ ನೋಡದೇ ಆರು ತಿಂಗಳು ಇರೋದು ನನಗೆ ಭಾರ," ಅಂದೆ. "ಹೆವಿ ಅಲ್ಲ. ಭಾರ. ನೀವು ಓದಿದ್ರಲ್ಲ, ಆ ಅರ್ಥದಲ್ಲಿ."

"ಎಷ್ಟು? ಹತ್ತರಲ್ಲಿ?"

"ಫಾರ್ಮು ತರ್ಲಾ?"

ಇಬ್ಬರೂ ನಕ್ಕೆವು. ಅವರು ಹಿತ್ತಾಳೆಯ ತೂಕಗಳನ್ನು ಒಂದೊಂದಾಗಿ ಗುಳಿಗಳಲ್ಲಿ ಕೂರಿಸಿ, ಪೆಟ್ಟಿಗೆ ಮುಚ್ಚಿ, ಕೊಕ್ಕೆ ಹಾಕಿದರು. ಬಾಗಿಲ ತನಕ ಬಂದ ಮೇಲೆ ನಾನು ಹಿಂತಿರುಗಿ ನೋಡಿದೆ. ಕಿಟಕಿಯ ಪಕ್ಕದ ತಕ್ಕಡಿಯ ಮೇಲೆ ಆ ಪುಟ್ಟ ತೂಕ ಹಾಗೇ ಕೂತಿತ್ತು.

"ತಟ್ಟೆ ಖಾಲಿ ಮಾಡಿಲ್ಲ ನೀವು," ಅಂದೆ.

"ಇರ್ಲಿ ಬಿಡಿ," ಅಂದರು. "ಅದಕ್ಕಾದ್ರೂ ನಾಳೆ ಬರ್ಬೇಕಾಗತ್ತೆ."