ಚಾಕಣದ ಬೆಲ್ಟ್ ನಿಲ್ಲದ ಮಧ್ಯಾಹ್ನ

ಮಿಥುನ ಬರೆದ ಪ್ರೋಗ್ರಾಂ ಆ ಬೆಳಗ್ಗೆಯೂ ಓಡುತ್ತ ಓಡುತ್ತ ಗಪ್ಪನೆ ನಿಂತಿತು. ಪುಣೆ ಹತ್ತಿರದ ಚಾಕಣದ ಆ ಕಾರ್ಖಾನೆಯಲ್ಲಿ ಕಾರಿನ ಬ್ರೇಕಿನ ಬಿಡಿಭಾಗಗಳು ಸ್ಕ್ಯಾನರಿನ ಕೆಳಗೆ ಹಾಯಬೇಕು. ಪ್ರೋಗ್ರಾಂ ಹೂಂ ಅಂದರೆ ಮಾತ್ರ ಬೆಲ್ಟ್ ಮುಂದೆ ಸಾಗುತ್ತದೆ.

ಲೈನ್ ನೋಡಿಕೊಳ್ಳುವ ಎಂಜಿನಿಯರ್ ಅಂಬಾ ಮ್ಯಾನೇಜರ್ ಜೊತೆ ಫೋನಿನಲ್ಲಿ ಮರಾಠಿಯಲ್ಲಿ ಮಾತಾಡುತ್ತಿದ್ದಳು. ಬೆಂಗಳೂರಿನ ಕಂಪನಿಯಿಂದ ಬಂದಿದ್ದ ನಾಗಮಂಗಲದ ಮಿಥುನನಿಗೆ ಅದರಲ್ಲಿ ತಿಳಿದದ್ದು ತನ್ನ ಹೆಸರು ಮತ್ತು ಬೆಂಗಳೂರು, ಅಷ್ಟೇ.

"ನನ್ನನ್ನ ವಾಪಸ್ ಕಳಿಸೋಕೆ ಅಷ್ಟೊಂದು ಅವಸರಾನಾ?"

"ಇಟ್ಕೊಳ್ಳಾಕ ಬಡದಾಡಾಕತ್ತೀನ್ರಿ," ಎಂದಳು ಅಂಬಾ, ಅವನತ್ತ ನೋಡದೆ. "ಊಟದ ತನಕ ಟೈಮ್ ಕೊಟ್ಟಾರ."

ಊಟದ ನಂತರವೂ ಬೆಲ್ಟ್ ನಿಂತರೆ ಹಳೆಯ ಪ್ರೋಗ್ರಾಂ ಬರುತ್ತದೆ, ಮಿಥುನ ಬೆಂಗಳೂರಿಗೆ ಹೋಗುತ್ತಾನೆ.

ಇಬ್ಬರೂ ಒಂದೇ ಸ್ಕ್ರೀನಿನ ಮುಂದೆ ಕುಳಿತರು. ಇದು ನೇರವಾಗಿ ಯಂತ್ರದ ಭಾಷೆಗೇ ಇಳಿಸಿದ ಜಾವಾ ಪ್ರೋಗ್ರಾಂ, ಸ್ವಿಚ್ ಹಾಕಿದ ಕೂಡಲೇ ಎದ್ದು ನಿಲ್ಲುತ್ತದೆ ಎಂದು ಅವನು ವಿವರಿಸಿದ. ಮೆಮೊರಿಯಲ್ಲಿ ಬಳಸಿ ಬಿಟ್ಟ ಮಾಹಿತಿಯ ಕಸ ತುಂಬಿದಾಗ ಮಾತ್ರ ಕೆಲಸವೆಲ್ಲ ನಿಲ್ಲಿಸಿ ಗುಡಿಸುತ್ತದೆ. ಹಾಗಾಗಿ ಅವನು ಮೆಮೊರಿಯನ್ನೇ ದುಪ್ಪಟ್ಟು ಮಾಡಿದ್ದ.

"ಕೊಟ್ಟಿಗಿ ದೊಡ್ಡದು ಮಾಡಿದ್ರ ಸಗಣಿ ಕಡಿಮಿ ಆಗ್ತದೇನ್ರಿ?"

ಮಿಥುನ ನಕ್ಕ. ನಗು ಅರ್ಧಕ್ಕೇ ನಿಂತಿತು. ದಿನಾ ಬಾಚದ ಕೊಟ್ಟಿಗೆಯನ್ನು ಒಂದು ದಿನ ಬಾಚಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅವನ ಮೈಗೇ ಗೊತ್ತಿತ್ತು. ಹಾಗಾದರೆ ಇಷ್ಟು ಕಸ ಬರುವುದೆಲ್ಲಿಂದ? ಹುಡುಕಿದರೆ, ಪ್ರತಿ ಸ್ಕ್ಯಾನಿಗೂ ಬಿಡಿಭಾಗಗಳ ಇಡೀ ಪಟ್ಟಿಯನ್ನು ಅವನ ಪ್ರೋಗ್ರಾಂ ಹೊಸದಾಗಿ ನಕಲು ಮಾಡಿ ಬಹಳ ಹೊತ್ತು ಇಟ್ಟುಕೊಳ್ಳುತ್ತಿತ್ತು. ಅವನ ಲ್ಯಾಪ್‌ಟಾಪಿನ ಮಾಮೂಲಿ ಜಾವಾ ಕೆಲಸ ಮಾಡುತ್ತಲೇ ಗುಡಿಸಿಕೊಳ್ಳುತ್ತಿದ್ದುದರಿಂದ ಅಲ್ಲಿ ಅದು ತಿಳಿದೇ ಇರಲಿಲ್ಲ.

ಒಂದೇ ನಕಲು, ಎಲ್ಲ ಸ್ಕ್ಯಾನಿಗೂ ಅದೇ, ಎಂದು ತಿದ್ದಿ, ಪ್ರೋಗ್ರಾಂ ಅನ್ನು ಯಂತ್ರದ ಭಾಷೆಯಲ್ಲಿ ಮತ್ತೆ ಕಟ್ಟಲು ಬಿಟ್ಟ. ಈ ಬಗೆಯ ಜಾವಾ ಓಡುವುದು ಬೇಗ, ಕಟ್ಟುವುದು ನಿಧಾನ. ಕಾಯುವ ಹೊತ್ತಿನಲ್ಲಿ ಅಂಬಾ ಚಹಾ ತಂದಳು. ಕನ್ನಡಕ ಹಣೆಗೇರಿಸಿದ್ದಳು, ಅದು ಒತ್ತಿದ ಕೆಂಪು ಗೆರೆ ಮೂಗಿನ ಮೇಲೆ ಉಳಿದಿತ್ತು. ಮಿಥುನ ಅದನ್ನೇ ನೋಡುತ್ತ ಕುಳಿತ. ಅವಳು ನೋಡಿದಾಗ ಚಹಾ ಊದಿದ.

"ಆರೇದ್ರಿ ಅದು," ಎಂದಳು.

ಊಟ ಮುಗಿಯಿತು, ಬೆಲ್ಟ್ ಶುರುವಾಯಿತು. ಕಸ ಚೂರುಚೂರೇ ಹುಟ್ಟಿ, ಕಣ್ಣು ಮಿಟುಕಿಸುವುದರೊಳಗೆ ಹೋಗುತ್ತಿತ್ತು. ಮ್ಯಾನೇಜರ್ ಬಂದು ಕೈಕಟ್ಟಿ ನಿಂತರು. ಶಿಫ್ಟ್ ಮುಗಿಯುವವರೆಗೂ ಬೆಲ್ಟ್ ಒಮ್ಮೆಯೂ ನಿಲ್ಲಲಿಲ್ಲ. ಭೋಸರಿಯ ಘಟಕಕ್ಕೂ ಇದನ್ನೇ ಹಾಕಬೇಕು, ಹುಡುಗ ಪುಣೆಯಲ್ಲೇ ಇರಲಿ ಎಂದು ಹೇಳಿ ಹೋದರು. ಲೈನಿನವರು ಬಂದು ಅವನ ಬೆನ್ನು ತಟ್ಟಿದರು.

ಮಿಥುನ ಅಂಬಾಳ ಹತ್ತಿರ ಬಂದ. ಹೊಸ ಶಿಫ್ಟಿನ ಯಂತ್ರಗಳ ಸದ್ದು ಏರಿತ್ತು, ಅವಳು ಕಿವಿಗೆ ಇಯರ್‌ಪ್ಲಗ್ ಹಾಕಿಕೊಂಡಿದ್ದಳು.

"ಭೋಸರಿ ಸಿಗದಿದ್ರೂ ನಾನು ಇಲ್ಲೇ ಇರ್ತಿದ್ದೆ. ನಿಮ್ಮನ್ನ ಮದುವೆ ಆಗ್ಬೇಕು ಅಂತಿದ್ದೀನಿ, ಅಂಬಾ."

ಅವಳ ಕಿವಿ ಆಗಲೇ ಕೆಂಪಾಗಿತ್ತು. ಆದರೂ ಸಾವಕಾಶವಾಗಿ ಒಂದೊಂದೇ ಇಯರ್‌ಪ್ಲಗ್ ತೆಗೆದು ಅಂಗೈಯಲ್ಲಿ ಇಟ್ಟುಕೊಂಡಳು.

"ಇನ್ನೊಮ್ಮೆ ಹೇಳ್ರಿ."

ಅವನು ಹೇಳಿದ. ಈ ಸಲ ಎಷ್ಟು ಜೋರಾಗಿ ಎಂದರೆ, ಆಚೆ ಯಂತ್ರದವರು ತಲೆಯೆತ್ತಿ ನೋಡಿದರು.

"ಹೂಂ," ಎಂದಳು ಅಂಬಾ, ನಗು ತಡೆಯಲಾಗದೆ. "ಭಾನುವಾರ ಧನಕವಡಿಗೆ, ನಮ್ಮ ಮನಿಗೆ ಬರ್ರಿ. ನಮ್ಮ ಅಪ್ಪಾರ ಮುಂದ ಇಷ್ಟೇ ಜೋರಾಗಿ ಹೇಳ್ರಿ."