ಹೊರೆಗಾರರ ಡೇರೆ

ಕೃಷ್ಣೆಯ ಹಿನ್ನೀರಿನಲ್ಲಿ ದಾನೇಶ್ವರಿ ಈಜುತ್ತಿದ್ದಳು. ಅವಳ ತೋಳುಗಳ ದಣಿವು ಮಾತ್ರ ದಂಡೆಯ ಡೇರೆಯೊಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತ ಗಂಡ ಶ್ರೀಶೈಲನ ತೋಳುಗಳಿಗೆ ಬಂದು ಸೇರುತ್ತಿತ್ತು. ಜನ್ಮದಲ್ಲಿ ಮೊಣಕಾಲಿಗಿಂತ ಆಳದ ನೀರಿಗೆ ಇಳಿದವನಲ್ಲ ಆತ. ವಿಜಯಪುರದಲ್ಲಿ ಪಾತ್ರೆ ಅಂಗಡಿ; ನಡೆದರೆ ಹೊಟ್ಟೆ ಮುಂದೆ, ಅವನು ಹಿಂದೆ. ಆದರೂ ಅಲೆಗೆ ಎದುರಾಗಿ ಈಜಿದರೆ ಭುಜ ಎಲ್ಲಿ ಉರಿಯುತ್ತದೆ ಎಂಬುದನ್ನು ಅವನಷ್ಟು ಬಲ್ಲವರು ಊರಲ್ಲಿ ಇರಲಿಲ್ಲ.

ಅವನ ಕತ್ತಿನ ಹಿಂದೆ ಅಂಟಿಕೊಂಡಿದ್ದ ಬೆರಳಗಲದ ಪಟ್ಟಿಯ ಹೆಸರು ವೇದನಾವಾಹಕ. ಅದರ ಜೋಡಿ ದಾನೇಶ್ವರಿಯ ಕತ್ತಿನಲ್ಲಿತ್ತು. ದೇಹದ ಯಾವ ಮೂಲೆಯಲ್ಲಿ ಪೆಟ್ಟಾದರೂ ಆ ಸಂಕೇತ ಬೆನ್ನುಹುರಿಯನ್ನೇರಿ ಮಿದುಳನ್ನು ಮುಟ್ಟಿದ ಮೇಲೆಯೇ ಅದು ನೋವು ಎನಿಸುವುದು. ಅವಳ ಪಟ್ಟಿ ಆ ಸಂಕೇತಗಳನ್ನು ಕತ್ತಿನಲ್ಲೇ ತಡೆದು ರೇಡಿಯೊ ಅಲೆಗಳಾಗಿ ಕಳಿಸುತ್ತಿತ್ತು. ಅವನ ಪಟ್ಟಿ ಅವನ್ನು ಹಿಡಿದು ಅವನ ನರಗಳಿಗೆ ಒಪ್ಪಿಸುತ್ತಿತ್ತು. ಡಾಕ್ಟರ್ ವಸುಂಧರಾ ಇಟ್ಟಣಗಿ ಇದನ್ನು ರೂಪಿಸಿದ್ದು ಸುಟ್ಟಗಾಯದ ರೋಗಿಗಳಿಗೆಂದು. ಆದರೆ ಇನ್ನೊಬ್ಬರ ಉರಿಯನ್ನು ಹೊರಲು ಆಸ್ಪತ್ರೆಯಲ್ಲಿ ಯಾರು ಮುಂದೆ ಬರುತ್ತಾರೆ? ಕೊನೆಗೆ ಅದಕ್ಕೆ ಗಿರಾಕಿಗಳು ಸಿಕ್ಕಿದ್ದು ಹವ್ಯಾಸಿ ಕ್ರೀಡಾಪಟುಗಳ ಮನೆಗಳಲ್ಲಿ. ಅಲ್ಲಿ ಹೊರಲು ಗಂಡ, ಹೆಂಡತಿ, ತಾಯಿ ಯಾರಾದರೊಬ್ಬರು ಇದ್ದೇ ಇರುತ್ತಿದ್ದರು; ಅವರಿಗೇ ಹೊರೆಗಾರರೆಂಬ ಹೆಸರು ಬಿತ್ತು.

ಈಜು, ಸೈಕಲ್, ಓಟ ಮೂರನ್ನೂ ಒಂದರ ಬೆನ್ನಿಗೊಂದು ಮುಗಿಸಬೇಕಾದ ಟ್ರಯಥ್ಲಾನ್ ಸ್ಪರ್ಧೆಯನ್ನು ಈ ಕಡೆಯ ಜನ ‘ಮೂರಾಟ’ ಎನ್ನುತ್ತಿದ್ದರು. ಸಂಜೆಯ ಗಡುವಿನೊಳಗೆ ಗೆರೆ ದಾಟಿದವರಿಗೆ ಪದಕ. ತಡವಾದವರಿಗೆ ಮುಚ್ಚಿದ ಗೇಟು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ದಾನೇಶ್ವರಿ ನಲವತ್ತು ದಾಟಿದ ಮೇಲೆ ಈ ಹುಚ್ಚು ಹಿಡಿಸಿಕೊಂಡವಳು. ಹೋದ ವರ್ಷ ಸೈಕಲ್ಲಿನ ಹಂತದಲ್ಲಿ ತೊಡೆಯ ಸೆಳೆತ ತಾಳಲಾರದೆ ಶ್ರೀಶೈಲ ಪಟ್ಟಿ ಕಿತ್ತುಬಿಟ್ಟಿದ್ದ. ನೋವೆಲ್ಲ ಅವಳ ಮೇಲೆ ಇಳಿದು, ಅವಳು ಗೇಟಿನ ಹೊರಗೇ ಉಳಿದಳು. ಅವಳು ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ. ಮನೆಗೆ ಬಂದು ಬೂಟು ತೊಳೆದು ಬಿಸಿಲಿಗಿಟ್ಟಳು, ಅಷ್ಟೆ. ಸತ್ತರೂ ಇನ್ನು ‘ಅಬ್ಬಾ’ ಎನ್ನಬಾರದೆಂದು ಅವನು ಅಂದೇ ಹಲ್ಲು ಕಚ್ಚಿದ.

ಅಭ್ಯಾಸ ಮುಗಿಸಿ ಬಂದಾಗಲೆಲ್ಲ ಅವಳು ಕೇಳುವಳು: “ಇವತ್ತ ಎಲ್ಲಿ ನೋವಾತ್ರೀ?” ಅವನು ಹೇಳಿದ್ದರ ಮೇಲೆಯೇ ಮರುದಿನ ಓಡಬೇಕೋ ಬೇಡವೋ ಎಂದು ಅವಳು ನಿರ್ಧರಿಸುತ್ತಿದ್ದಳು. ಅವಳ ದೇಹದ ಸುದ್ದಿ ಅವಳಿಗೆ ಬರುತ್ತಿದ್ದುದು ಗಂಡನ ಬಾಯಿಂದಲೇ. ಯುಗಾದಿಯಿಂದೀಚೆಗೆ ಎಡಗಾಲಿನಲ್ಲಿ ಮೊಣಕಾಲಿನ ಕೆಳಗೆ, ಮುಂಗಾಲೆಲುಬಿನಲ್ಲಿ ಏನೋ ಚುಚ್ಚತೊಡಗಿತ್ತು. ಅಂಗಡಿಯಲ್ಲಿ ಕುಕ್ಕರು ತೋರಿಸುತ್ತ ನಿಂತವನು ಗಿರಾಕಿಯೆದುರೇ ಗಲ್ಲಾಪೆಟ್ಟಿಗೆ ಹಿಡಿದು ಕೂತದ್ದುಂಟು. ಆದರೂ ಮನೆಯಲ್ಲಿ ಅವನ ಉತ್ತರ ಒಂದೇ: “ಏನಿಲ್ಲ ಬಿಡು, ಮಾಮೂಲಿ.”

ಈಜು ಮುಗಿಯಿತು, ಸೈಕಲ್ಲೂ ಮುಗಿಯಿತು. ಓಟವೂ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಡೇರೆಯ ತುಂಬ ಹೊರೆಗಾರರು ನರಳುತ್ತ, ತೊಡೆ ತಿಕ್ಕಿಕೊಳ್ಳುತ್ತ, ಮಜ್ಜಿಗೆ ಕುಡಿಯುತ್ತ ಕೂತಿದ್ದರು. ಕಂಡವರು ಓಡುತ್ತಿರುವವರು ಇವರೇ ಎನ್ನಬೇಕು. ಶ್ರೀಶೈಲ ಮಾತ್ರ ಅಲುಗದೆ ಕೂತಿದ್ದ, ಮುಖ ಬೂದಿಯಾಗಿತ್ತು. ಪಟ್ಟಿಗಳನ್ನು ಪರೀಕ್ಷಿಸುತ್ತ ಬಂದ ಡಾಕ್ಟರ್ ವಸುಂಧರಾ ಅವನ ಮುಂದೆ ನಿಂತರು.

“ಎಲ್ಲಿ ನೋವು?”

“ಎಡಗಾಲಾಗರೀ.”

“ಎಲ್ಲೆ? ಕೈಯಿಟ್ಟು ತೋರಸ್ರಿ.”

ಅವನು ಬಾಗಿ ಮುಂಗಾಲಿನ ಮೇಲೆ ತೋರುಬೆರಳ ತುದಿಯನ್ನಿಟ್ಟ. ಡಾಕ್ಟರರ ಮುಖದಲ್ಲಿದ್ದ ನಗೆ ಹೋಯಿತು.

“ಸ್ನಾಯುವಿನ ನೋವಾದ್ರ ಜನ ಅಂಗೈ ಸವರಿ ತೋರಸ್ತಾರ. ಹಿಂಗ ಒಂದ ಬೆರಳಿಟ್ರ ಅದು ಎಲುಬು. ಬಿರುಕು ಬಿಟ್ಟಿರಬೇಕು. ಹೀಂಗ ಓಡಿದ್ರ ಪೂರ್ತಿ ಮುರೀತದ. ನೀವು ಮೊದಲ ಯಾಕ ಹೇಳಲಿಲ್ಲ?”

“ಓಡೋರಿಗೆ ಇದು ಇದ್ದದ್ದ ಅಂತ ತಿಳಕೊಂಡಿದ್ದೆರೀ. ನನಗ ತಾಕತ್ತು ಕಡಿಮಿ, ಅದಕ್ಕ ಹಿಂಗ ಅಂತ.” ಅವನು ಕಾಲಿನಿಂದ ಬೆರಳು ತೆಗೆಯದೆ ತಲೆಯೆತ್ತಿದ. “ಆಕೀನ್ನ ನಿಲ್ಲಸ್ರಿ ಮೇಡಂ.”

ಡಾಕ್ಟರರು ಫೋನು ತೆಗೆದು ಸ್ಪರ್ಧೆಯ ಮೇಲ್ವಿಚಾರಕರಿಗೆ ಹೇಳಿದರು. ಬೈಕಿನ ಮೇಲೊಬ್ಬ ನಿರ್ಣಾಯಕ ದಾನೇಶ್ವರಿಯ ಪಕ್ಕಕ್ಕೆ ಹೋಗಿ ವಿಚಾರಿಸಿದ. ತನಗೇನೂ ಆಗಿಲ್ಲವೆಂದು ಅವಳು ನಕ್ಕಳು; ಕುಂಟುತ್ತಲೂ ಇರಲಿಲ್ಲ. ಕುಂಟುವಂತೆ ಮಾಡಬೇಕಾದ ನೋವು ಡೇರೆಯಲ್ಲಿತ್ತಲ್ಲ. ತಾವು ಪಾರಾಗಲೆಂದು ಸುಳ್ಳು ಹೇಳಿ ಓಟಗಾರರನ್ನು ನಿಲ್ಲಿಸಿದ ಹೊರೆಗಾರರು ಹಿಂದೆ ಬೇಕಾದಷ್ಟು ಮಂದಿ ಆಗಿಹೋಗಿದ್ದರು. ಹಾಗಾಗಿ ಹೊರೆಗಾರನ ಮಾತನ್ನು, ಅದನ್ನು ನಂಬಿ ಆಡಿದ ಡಾಕ್ಟರರ ಮಾತನ್ನೂ ನಿಯಮ ಒಪ್ಪುತ್ತಿರಲಿಲ್ಲ. ಓಟಗಾರ ತಾನಾಗಿ ಹೇಳಬೇಕು, ಇಲ್ಲವೇ ಬೀಳಬೇಕು.

“ಹಂಗಾರ ಆಕೀ ನೋವು ಆಕೀಗೇ ಹೋಗಲಿ, ಆವಾಗರ ನಿಲ್ತಾಳ,” ಎಂದವನೇ ಶ್ರೀಶೈಲ ಪಟ್ಟಿಯನ್ನು ಕಿತ್ತ.

“ತಡೀರಿ,” ಎನ್ನುವಷ್ಟರಲ್ಲಿ ಅದು ಅವನ ಕೈಗೆ ಬಂದಾಗಿತ್ತು. ಡಾಕ್ಟರರು ಕುರ್ಚಿಯೆಳೆದು ಕುಸಿದರು. “ಹೋದ ವರ್ಷ ಪಟ್ಟಿ ಕಿತ್ತ ಕೂಡಲೇ ನೋವು ತಿರುಗಿ ಹೋಗಿ, ಸೈಕಲ್ ಮ್ಯಾಲಿಂದ ಭಾಳ ಮಂದಿ ಬಿದ್ರು. ಅದಕ್ಕ ಈ ಸಲ ನಾನ ಮಂದಮರಳಿಕೆ ಸೇರಿಸೀನಿ. ಅರ್ಧ ತಾಸು ಆಕೀಗೆ ಏನೂ ಗೊತ್ತಾಗೂದಿಲ್ಲ. ಆಮ್ಯಾಲೆ ಬರ್ತದ.”

“ಅಲ್ಲೀತನಕ ನೋವು ಎಲ್ಲಿರ್ತೈತ್ರಿ?”

“ಎಲ್ಲೂ ಇರೂದಿಲ್ಲ.”

ಅವನು ಪಟ್ಟಿಯನ್ನು ಮತ್ತೆ ಕತ್ತಿಗೆ ಒತ್ತಿದ, ಉಜ್ಜಿದ, ಬೆವರೊರೆಸಿ ಇನ್ನೊಮ್ಮೆ ಒತ್ತಿದ. ಮರಳಿಕೆ ಮುಗಿಯುವ ತನಕ ಅದು ಕೂಡಿಕೊಳ್ಳುವುದಿಲ್ಲವೆಂದು ಡಾಕ್ಟರರು ತಲೆ ತಗ್ಗಿಸಿಕೊಂಡೇ ಹೇಳಿದರು. ಇಷ್ಟು ಹೊತ್ತು ಹೆಂಡತಿಯ ಒಂದೊಂದು ಹೆಜ್ಜೆಯೂ ಅವನ ಎಲುಬಿಗೆ ತಿಳಿಯುತ್ತಿತ್ತು. ಈಗ ಕಾಲು ಹೂವಿನಷ್ಟು ಹಗುರ. ಅವನಿಗೆ ದಿಗಿಲಾಯಿತು. ಅಷ್ಟು ದಿಗಿಲು ನೋವಿದ್ದಾಗಲೂ ಆಗಿರಲಿಲ್ಲ. ಹೊರಲು ಅವನಿಲ್ಲ, ಅನುಭವಿಸಲು ಅವಳಿಲ್ಲ. ನೋವು ವಾರಸುದಾರರಿಲ್ಲದೆ ನಿಂತಿತ್ತು, ಎಲುಬು ಮಾತ್ರ ಸೀಳುತ್ತಲೇ ಇತ್ತು.

ಚಪ್ಪಲಿ ಮೆಟ್ಟದೆ ಅವನು ರಸ್ತೆಗೆ ಓಡಿದ. ಬಿಸಿಲಿಗೆ ಡಾಂಬರು ಕಾದಿತ್ತು. ದೂರದಿಂದ ದಾನೇಶ್ವರಿ ಬರುತ್ತಿದ್ದಳು, ನೆಟ್ಟಗೆ, ಹಗುರವಾಗಿ, ಅವನು ಎಂದೂ ಕಂಡಿರದಷ್ಟು ಚೆಂದವಾಗಿ. ಗಂಡನನ್ನು ಕಂಡು ಅವಳ ಹುಬ್ಬು ಗಂಟಿಕ್ಕಿತು.

“ಹೊರಗ ಯಾಕ ಬಂದ್ರಿ? ಹೋಗಿ ಡೇರೆದಾಗ ಕೂಡ್ರಿ.”

“ನಿಲ್ಲು ದಾನೂ. ನಿನ್ನ ಕಾಲು ಮುರಿಯಾಕ ಹತ್ತೈತಿ. ನನ್ನ ಮಾತು ಕೇಳು.”

ಅವಳು ನಿಲ್ಲಲಿಲ್ಲ. ಅವನ ಕೈ ಅವಳ ತೋಳಿಗೆ ತಾಕುವಷ್ಟರಲ್ಲಿ ದಾಟಿದ್ದಳು. “ಗೇಟು ಮುಚ್ಚಲಾಕ ಬಂದೈತ್ರೀ. ಇನ್ನೊಂದೀಟು ತಡಕೊಳ್ರಿ, ನನ್ನ ಸಲುವಾಗಿ,” ಎಂದಳು. ಹೋದ ವರ್ಷದ ಹಾಗೆ ಗಂಡ ಕೈಬಿಡಲು ಬಂದಿದ್ದಾನೆಂದೇ ಅವಳು ತಿಳಿದಿದ್ದಳು. ಅದಕ್ಕೇ ಆ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೆಯಿತ್ತು. ಅವನು ಕೂಗುತ್ತ ಹಿಂದೆ ಓಡಿದ. ಅವಳ ನೂರಾರು ಮೈಲುಗಳ ದಣಿವನ್ನು ಹೊತ್ತವನೇ ಸರಿ, ಆದರೆ ಅವಳ ಕಸುವು ಅವನ ಕಾಲಿಗೆ ಬಂದಿರಲಿಲ್ಲವಲ್ಲ. ಎರಡು ವಿದ್ಯುತ್ ಕಂಬ ದಾಟುವಷ್ಟರಲ್ಲಿ ಉಸಿರು ಕಟ್ಟಿ ನಿಂತ. ಅವಳು ತಿರುವಿನಲ್ಲಿ ಮರೆಯಾದಳು.

ಅವನು ಏದುಸಿರು ಬಿಡುತ್ತ ಗೆರೆಯ ಬಳಿ ಬಂದಾಗ ಗೇಟು ಮುಚ್ಚುತ್ತಿದ್ದರು. ಅವಳು ಒಳಗಿದ್ದಳು. ಕೊರಳಲ್ಲಿ ಪದಕ, ಮುಖದ ತುಂಬ ನಗೆ. ಎಡಪಾದ ಮಾತ್ರ ಹೊರಕ್ಕೆ ತಿರುಗಿ ನಿಂತಿತ್ತು, ಅದು ಅವಳಿಗೆ ಗೊತ್ತಿರಲಿಲ್ಲ. “ಮುಗಿಸಿದ್ವಿ ನೋಡ್ರಿ,” ಎಂದು ಅವಳು ಅವನತ್ತ ಕೈಚಾಚಿದಳು. ಆಗ ನೋವು ಬಂತು. ಮೊದಲು ಅವಳ ಮುಖದಲ್ಲಿ ಕಂಡದ್ದು ಆಶ್ಚರ್ಯ. ಆಮೇಲೆ ಅವಳ ಬಾಯಿಂದ ಹೊರಟ ದನಿಗೆ ಅಲ್ಲಿದ್ದವರೆಲ್ಲ ತಿರುಗಿದರು. ಶ್ರೀಶೈಲ ಅವಳನ್ನು ಹಿಡಿದುಕೊಂಡು ನೆಲಕ್ಕೆ ಕೂತ.

“ಇದನ್ನ...” ಅವಳು ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. “ಇದನ್ನ ಯಾವಾಗಿಂದ ಹೊತ್ತೀರಿ?”

“ಯುಗಾದಿಯಿಂದ.”

ಅವಳು ಅತ್ತಳು. ಕಾಲಿಗಾಗಿ ಅತ್ತಳೋ ಗಂಡನಿಗಾಗಿ ಅತ್ತಳೋ ಹೇಳುವುದು ಕಷ್ಟ.

ಡಾಕ್ಟರ್ ವಸುಂಧರಾ ಓಡಿಬಂದು ಚೀಲದಿಂದ ಹೊಸ ಜೋಡಿ ಪಟ್ಟಿಗಳನ್ನು ತೆಗೆದರು. ಮುರಿದದ್ದು ಮುರಿದಾಗಿತ್ತು, ಆಸ್ಪತ್ರೆ ಮುಟ್ಟುವವರೆಗಾದರೂ ಹೊರೆ ಇಳಿಸಬಹುದಿತ್ತು. ಕೇಳುವ ಮುಂಚೆಯೇ ಶ್ರೀಶೈಲ ಕತ್ತು ಬಾಗಿಸಿದ. ದಾನೇಶ್ವರಿ ಅಂಗೈಯಿಂದ ಅವನ ಕತ್ತಿನ ಹಿಂಭಾಗವನ್ನು ಮುಚ್ಚಿದಳು.

“ಬ್ಯಾಡ್ರೀ. ನಿಮ್ಮ ಕಡೆ ಕೊಟ್ರ ನೀವು ಮತ್ತ ಹೇಳೂದಿಲ್ಲ.”

ಅವಳನ್ನು ಆಂಬುಲೆನ್ಸಿನಲ್ಲಿ ಮಲಗಿಸಿದರು. ದಾರಿಯುದ್ದಕ್ಕೂ ಅವಳು ನರಳುತ್ತಿದ್ದಳು. ಮೈಯಲ್ಲಿ ಎಳ್ಳಷ್ಟೂ ನೋವಿಲ್ಲದ ಶ್ರೀಶೈಲ ಪಕ್ಕದಲ್ಲಿ ಕುಳಿತು ಕೇಳುತ್ತಿದ್ದ.